ಯಾರ ಸಾವು ದೇಶದ ದಾರಿ ತಿರುಗಿಸಿತು?

ಕಳೆದ ಶತಮಾನದ ಅರವತ್ತರ ದಶಕದಲ್ಲಿ ಭಾರತ ಕಂಡಷ್ಟು ದೊಡ್ಡವರ ಸಾವನ್ನು ಸ್ವಾತಂತ್ರ್ಯಾನಂತರದ ಇನ್ನಾವ ದಶಕವೂ ಕಂಡಿರಲಾರದು. ಐದೇ ವರ್ಷಗಳ ಒಳಗೆ ಇಬ್ಬರು ಪ್ರಧಾನಿಗಳು, ಒಬ್ಬ ರಾಷ್ಟ್ರಪತಿ ಅಧಿಕಾರದಲ್ಲಿರುವಾಗಲೇ ತೀರಿಕೊಂಡರು. ಅಣುಶಕ್ತಿ ಕಾರ್ಯಕ್ರಮ ಕಟ್ಟಿದ ಹೋಮಿ ಭಾಭಾ ವಿಮಾನ ದುರಂತದಲ್ಲಿ ಹೋದರು. ರಾಮಮನೋಹರ ಲೋಹಿಯಾ ದೆಹಲಿಯ ಆಸ್ಪತ್ರೆಯಲ್ಲಿ ಕಣ್ಮುಚ್ಚಿದರು. ಜನಸಂಘದ ಅಧ್ಯಕ್ಷ ದೀನದಯಾಳ್ ಉಪಾಧ್ಯಾಯರ ಶವ ಮೊಘಲ್‌ಸರಾಯ್ ರೈಲು ನಿಲ್ದಾಣದ ಬಳಿ ಸಿಕ್ಕಿತು. ತಮಿಳುನಾಡಿನ ಮುಖ್ಯಮಂತ್ರಿಯಾಗಿ ಎರಡು ವರ್ಷವೂ ತುಂಬದ ಅಣ್ಣಾದುರೈ ಕ್ಯಾನ್ಸರ್‌ಗೆ ಬಲಿಯಾದರು.

ಇವರಲ್ಲಿ ಯಾರ ಸಾವಿನಿಂದ ದೇಶದ ಚರಿತ್ರೆ ಹೆಚ್ಚು ಬದಲಾಯಿತು? ಕೇಳಿದ ಕೂಡಲೇ ಬರುವ ಉತ್ತರ ನೆಹರೂ. ಆ ಉತ್ತರದಲ್ಲಿ ಬದುಕಿನ ಎತ್ತರ ಮತ್ತು ಸಾವಿನ ಪರಿಣಾಮ ಎರಡೂ ಕಲಸಿಹೋಗಿವೆ. ಸರ್ ಎಂ. ವಿಶ್ವೇಶ್ವರಯ್ಯ 1962ರಲ್ಲಿ ನೂರು ದಾಟಿದ ವಯಸ್ಸಿನಲ್ಲಿ ತೀರಿಕೊಂಡಾಗ ನಾಡು ನಮಿಸಿತು. ಆದರೆ ಅವರು ಮಾಡಬೇಕಾದ್ದೆಲ್ಲ ದಶಕಗಳ ಹಿಂದೆಯೇ ಕಟ್ಟಡವಾಗಿ, ಕಾಲುವೆಯಾಗಿ ನಿಂತಿತ್ತು. 1970ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ಸಿ.ವಿ. ರಾಮನ್ ನಿಧನರಾದಾಗಲೂ ಅಷ್ಟೆ. ಆ ಸಾವುಗಳಿಂದ ಯಾವ ನಿರ್ಧಾರವೂ ಅರ್ಧಕ್ಕೆ ನಿಲ್ಲಲಿಲ್ಲ, ಯಾವ ಕುರ್ಚಿಗೂ ಪೈಪೋಟಿ ಹುಟ್ಟಲಿಲ್ಲ.

ಜನಸಾಗರವನ್ನು ಅಳತೆಗೋಲು ಮಾಡಿಕೊಂಡರೆ ಚರ್ಚೆ ಅಲ್ಲಿಗೇ ಮುಗಿಯುತ್ತದೆ. 1969ರ ಫೆಬ್ರವರಿ 3ರಂದು ನಿಧನರಾದ ಅಣ್ಣಾದುರೈ ಅವರ ಅಂತ್ಯಯಾತ್ರೆಗೆ ಸೇರಿದ ಜನ ಒಂದೂವರೆ ಕೋಟಿ ಎಂಬ ಅಂದಾಜು ಗಿನ್ನೆಸ್ ದಾಖಲೆ ಪುಸ್ತಕವನ್ನೇ ಸೇರಿತು. ಮದ್ರಾಸ್ ರಾಜ್ಯ ತಮಿಳುನಾಡು ಆಗಿ ತಿಂಗಳೂ ಕಳೆದಿರಲಿಲ್ಲ. ಅವರ ನಂತರ ಕರುಣಾನಿಧಿ ಬಂದರು, ಮೂರು ವರ್ಷಕ್ಕೆ ಎಂಜಿಆರ್ ಸಿಡಿದು ಹೊರಬಿದ್ದರು, ಒಂದು ಪಕ್ಷ ಎರಡಾಯಿತು. ತಮಿಳರ ಪಾಲಿಗೆ ಆ ದಶಕದ ಅತಿ ಮುಖ್ಯ ಸಾವು ಅದೇ ಎಂದರೆ ತಕರಾರು ಕಷ್ಟ. ಕಾರಣ ಮಾತ್ರ ಆ ಜನಸ್ತೋಮವಲ್ಲ, ಅವರ ಜಾಗ ತುಂಬಲು ನಡೆದ ಸೆಣಸಾಟ.

ನೆಹರೂ ವಿಚಾರಕ್ಕೆ ಬರೋಣ. 1964ರ ಜನವರಿಯಲ್ಲಿ ಭುವನೇಶ್ವರದ ಕಾಂಗ್ರೆಸ್ ಅಧಿವೇಶನದಲ್ಲಿ ಅವರಿಗೆ ಪಾರ್ಶ್ವವಾಯು ಬಡಿಯಿತು. ಅಂದಿನಿಂದಲೇ ದೇಶ ಮನಸ್ಸು ಗಟ್ಟಿ ಮಾಡಿಕೊಳ್ಳತೊಡಗಿತ್ತು. ‘ನೆಹರೂ ನಂತರ ಯಾರು’ ಎಂಬುದು ಅದಕ್ಕೂ ಮೊದಲೇ ಪತ್ರಿಕೆಗಳ ಹಳೆಯ ಪ್ರಶ್ನೆ. ಲಾಲ್ ಬಹಾದೂರ್ ಶಾಸ್ತ್ರಿಯವರನ್ನು ಖಾತೆಯಿಲ್ಲದ ಸಚಿವರನ್ನಾಗಿ ಮತ್ತೆ ಸಂಪುಟಕ್ಕೆ ಕರೆತಂದದ್ದು ಈ ತಯಾರಿಯ ಭಾಗವೇ. ಆ ಹುದ್ದೆಯಲ್ಲಿದ್ದಾಗಲೇ, ಮೇ 22ರಂದು, ಅವರು ಉತ್ತರ ಕರ್ನಾಟಕಕ್ಕೆ ಬಂದು ಆಲಮಟ್ಟಿ ಅಣೆಕಟ್ಟೆಗೆ ಅಡಿಗಲ್ಲಿಟ್ಟರು. ಐದು ದಿನಗಳ ನಂತರ, ಮೇ 27ರಂದು, ನೆಹರೂ ಇರಲಿಲ್ಲ. ಕಾಂಗ್ರೆಸ್ ಅಧ್ಯಕ್ಷ ಕಾಮರಾಜರು ಒಬ್ಬೊಬ್ಬರನ್ನೇ ಮಾತನಾಡಿಸಿ ಒಮ್ಮತ ಮೂಡಿಸಿದರು. ಜೂನ್ 9ಕ್ಕೆ ಶಾಸ್ತ್ರಿ ಪ್ರಮಾಣವಚನ ಸ್ವೀಕರಿಸಿದರು. ಪ್ರಜಾಪ್ರಭುತ್ವ ಉಳಿದೀತೇ ಎಂದು ಹೊರಗಿನವರು ಅನುಮಾನಪಡುತ್ತಿದ್ದ ದೇಶದಲ್ಲಿ ಅಧಿಕಾರ ಎರಡೇ ವಾರದಲ್ಲಿ ಶಾಂತವಾಗಿ ಕೈ ಬದಲಾಯಿಸಿತು.

ಆದರೂ ನೆಹರೂ ತೀರಿಕೊಂಡ ದಿನ ಒಂದು ಕೆಲಸ ನಡುದಾರಿಯಲ್ಲೇ ನಿಂತುಹೋಯಿತು, ಅದನ್ನು ಮರೆಯುವಂತಿಲ್ಲ. ವರ್ಷಗಟ್ಟಲೆ ಸೆರೆಯಲ್ಲಿದ್ದ ಶೇಖ್ ಅಬ್ದುಲ್ಲಾರನ್ನು ಏಪ್ರಿಲ್‌ನಲ್ಲಿ ಬಿಡುಗಡೆ ಮಾಡಲಾಗಿತ್ತು. ಅವರು ನೆಹರೂ ಒಪ್ಪಿಗೆಯಿಂದಲೇ ಪಾಕಿಸ್ತಾನಕ್ಕೆ ಹೋಗಿ ಅಧ್ಯಕ್ಷ ಅಯೂಬ್ ಖಾನ್ ಜತೆ ಮಾತುಕತೆ ನಡೆಸಿದ್ದರು. ಅಯೂಬ್ ಜೂನ್‌ನಲ್ಲಿ ದೆಹಲಿಗೆ ಬರುವುದೆಂದೂ ಆಗಿತ್ತು. ನೆಹರೂ ತೀರಿಕೊಂಡ ಸುದ್ದಿ ಅಬ್ದುಲ್ಲಾರನ್ನು ಮುಟ್ಟಿದ್ದು ಮುಜಫರಾಬಾದಿನಲ್ಲಿ. ಆ ಮಾತುಕತೆ ಮತ್ತೆ ಚಿಗುರಲಿಲ್ಲ. ಮರುವರ್ಷವೇ ಪಾಕಿಸ್ತಾನದ ಜತೆ ಯುದ್ಧ ಬಂತು. ನೆಹರೂ ಪರ ವಾದಿಸುವವರಿಗೆ ಇದಕ್ಕಿಂತ ಬಲವಾದ ಆಧಾರ ಬೇಕಿಲ್ಲ. ಆದರೆ ಚೀನಾ ಯುದ್ಧದಲ್ಲಿ ಸೋತು ನಲುಗಿದ್ದ, ಸ್ವಪಕ್ಷದಲ್ಲೇ ಹಿಡಿತ ಸಡಿಲವಾಗಿದ್ದ 74ರ ನೆಹರೂಗೆ ಕಾಶ್ಮೀರದಂಥ ಗಂಟನ್ನು ಬಿಡಿಸುವ ತ್ರಾಣ ಉಳಿದಿತ್ತೇ? ಅದು ಅನುಮಾನವೇ.

ಶಾಸ್ತ್ರಿಯವರ ಸಾವಿಗೆ ದೇಶ ಹಾಗೆ ಸಿದ್ಧವಾಗಿರಲಿಲ್ಲ.

1966ರ ಜನವರಿ 10ರಂದು ತಾಷ್ಕೆಂಟಿನಲ್ಲಿ, ಸೋವಿಯತ್ ಪ್ರಧಾನಿ ಕೊಸಿಗಿನ್ ಮಧ್ಯಸ್ಥಿಕೆಯಲ್ಲಿ, ಅವರೂ ಅಯೂಬ್ ಖಾನರೂ ಒಪ್ಪಂದಕ್ಕೆ ಸಹಿ ಹಾಕಿದರು. ಎರಡೂ ಸೇನೆಗಳು 1965ರ ಆಗಸ್ಟ್ 5ರಂದು ಎಲ್ಲಿದ್ದವೋ ಅಲ್ಲಿಗೆ ಹಿಂದಿರುಗಬೇಕು ಎಂಬುದು ಅದರ ತಿರುಳು. ಅಂದರೆ ನಮ್ಮ ಯೋಧರು ರಕ್ತ ಸುರಿಸಿ ಗೆದ್ದ ಹಾಜಿ ಪೀರ್ ಕಣಿವೆದಾರಿಯನ್ನೂ ಬಿಟ್ಟುಕೊಡಬೇಕಿತ್ತು. ಅದನ್ನು ದೇಶಕ್ಕೆ ವಿವರಿಸಿ ಹೇಳುವ ಹೊಣೆ ಶಾಸ್ತ್ರಿಯವರದಾಗಿತ್ತು. ಸಹಿ ಬಿದ್ದ ರಾತ್ರಿಯೇ, ಗಂಟೆ ಒಂದು ದಾಟಿದ ಮೇಲೆ, ಅವರು ಕೆಮ್ಮುತ್ತ ತಮ್ಮ ಕೋಣೆಯಿಂದ ನಡೆದು ಬಂದು ಸಹಾಯಕರ ಬಾಗಿಲು ತಟ್ಟಿದರು. ವೈದ್ಯರು ಓಡಿಬಂದರೂ ಕೈಮೀರಿತ್ತು. ಜತೆಗಿದ್ದ ಪತ್ರಕರ್ತ ಕುಲದೀಪ್ ನಯ್ಯರ್ ಒಳಹೊಕ್ಕಾಗ ಕಂಡದ್ದನ್ನು ಆತ್ಮಕಥೆಯಲ್ಲಿ ಬರೆದಿದ್ದಾರೆ: ದೊಡ್ಡ ಕೋಣೆಯ ದೊಡ್ಡ ಮಂಚದ ಮೇಲೆ ಕುಗ್ಗಿ ಮಲಗಿದಂತಿದ್ದ ಪುಟ್ಟ ದೇಹ, ನೆಲಹಾಸಿನ ಮೇಲೆ ಜೋಡಿಸಿಟ್ಟ ಚಪ್ಪಲಿ, ಮೇಜಿನ ಮೇಲೆ ಉರುಳಿಬಿದ್ದ ಥರ್ಮಾಸ್ ಫ್ಲಾಸ್ಕು. ಮರಣೋತ್ತರ ಪರೀಕ್ಷೆ ನಡೆಯಲಿಲ್ಲ. ಅಂದು ಹುಟ್ಟಿದ ಗುಮಾನಿ ಇಂದಿಗೂ ಸತ್ತಿಲ್ಲ. ಆ ಗುಮಾನಿಯ ಗದ್ದಲದಲ್ಲಿ ಶಾಸ್ತ್ರಿ ಹೇಗೆ ಸತ್ತರು ಎಂಬುದೇ ದೊಡ್ಡದಾಗಿ, ಅವರು ಏನು ಮಾಡುತ್ತಿದ್ದಾಗ ಸತ್ತರು ಎಂಬುದು ಹಿಂದೆ ಸರಿದದ್ದು ದುಃಖದ ಸಂಗತಿ.

ಹತ್ತೊಂಬತ್ತು ತಿಂಗಳಲ್ಲಿ ಅವರು ಮಾಡಿದ್ದು ಸಣ್ಣದಲ್ಲ. ಭಾರೀ ಕೈಗಾರಿಕೆಯ ಮೇಲಿದ್ದ ಸರ್ಕಾರದ ಕಣ್ಣನ್ನು ಹೊಲದ ಕಡೆ ಹೊರಳಿಸಿದರು. ಸಿ. ಸುಬ್ರಮಣಿಯಂ ಅವರಿಗೆ ಆಹಾರ ಮತ್ತು ಕೃಷಿ ಖಾತೆ ಕೊಟ್ಟರು. ಭಾರತೀಯ ಆಹಾರ ನಿಗಮ, ಕೃಷಿ ಬೆಲೆ ಆಯೋಗ ಹುಟ್ಟಿದ್ದು 1965ರ ಜನವರಿಯಲ್ಲಿ. ಅದಕ್ಕೂ ಮೊದಲು ಗುಜರಾತಿನ ಆನಂದ್ ಬಳಿಯ ಹಳ್ಳಿಯೊಂದರಲ್ಲಿ ಒಂದು ರಾತ್ರಿ ತಂಗಿ, ಹಾಲು ಹಾಕುವ ರೈತರ ಜತೆ ಕೂತು ಮಾತನಾಡಿದ್ದರು. ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯ ಬೇರು ಅಲ್ಲಿದೆ. ಹಿಂದಿ ಹೇರಿಕೆಯ ವಿರುದ್ಧ ಮದ್ರಾಸ್ ರಾಜ್ಯ ಹೊತ್ತಿ ಉರಿದಾಗ, ಹಿಂದಿಯೇತರ ರಾಜ್ಯಗಳು ಬಯಸುವಷ್ಟು ಕಾಲ ಇಂಗ್ಲಿಷ್ ಉಳಿಯುತ್ತದೆಂದು 1965ರ ಫೆಬ್ರವರಿಯಲ್ಲಿ ರೇಡಿಯೊದಲ್ಲಿ ಮಾತು ಕೊಟ್ಟರು. ಆ ಮಾತಿನ ಫಲ ಕನ್ನಡಿಗರೂ ಉಂಡಿದ್ದಾರೆ. ಅನ್ನಕ್ಕೆ ಕೊರತೆ ಬಿದ್ದಾಗ ಸೋಮವಾರ ರಾತ್ರಿ ಒಂದು ಊಟ ಬಿಡಿ ಎಂದು ಕೇಳಿದರು. ಸೋಮವಾರದ ಒಪ್ಪತ್ತು ನಮ್ಮ ಮನೆಗಳಿಗೆ ಹೊಸದಲ್ಲ, ಆದರೆ ಪ್ರಧಾನಿಯೊಬ್ಬರು ಕೇಳಿದರೆಂದು ದೇಶವೇ ಒಪ್ಪತ್ತು ಹಿಡಿದದ್ದು ಹೊಸದು. ಕಾರು ಕೊಳ್ಳಲು ಬ್ಯಾಂಕಿನಿಂದ ತೆಗೆದಿದ್ದ ಐದು ಸಾವಿರ ರೂಪಾಯಿ ಸಾಲವನ್ನು ಅವರ ಪತ್ನಿ ಲಲಿತಾ ಶಾಸ್ತ್ರಿ ಪಿಂಚಣಿಯಲ್ಲಿ ತೀರಿಸಿದರು. ಅಂಥವರು ಕೇಳಿದ್ದರಿಂದಲೇ ಜನ ಊಟ ಬಿಟ್ಟರು.

ಶಾಸ್ತ್ರಿ ಹೋಗಿ ಹದಿಮೂರನೆಯ ದಿನ, ಜನವರಿ 24ರಂದು, ಎರಡು ಘಟನೆ ಒಟ್ಟೊಟ್ಟಿಗೆ ನಡೆದವು. ದೆಹಲಿಯಲ್ಲಿ ಇಂದಿರಾ ಗಾಂಧಿ ಪ್ರಧಾನಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ಆಲ್ಪ್ಸ್ ಪರ್ವತದ ಮಾಂಟ್ ಬ್ಲಾಂಕ್ ಶಿಖರಕ್ಕೆ ಏರ್ ಇಂಡಿಯಾದ ‘ಕಾಂಚನಜಂಗಾ’ ವಿಮಾನ ಅಪ್ಪಳಿಸಿ ಅದರಲ್ಲಿದ್ದ 117 ಜನರೂ ಸತ್ತರು. ಅವರಲ್ಲಿ ಹೋಮಿ ಭಾಭಾ ಒಬ್ಬರು.

ಭಾಭಾಗೂ ಬೆಂಗಳೂರಿಗೂ ಹಳೆಯ ನಂಟು. 1939ರಲ್ಲಿ ರಜೆಗೆಂದು ಇಂಗ್ಲೆಂಡಿನಿಂದ ಬಂದವರು ಮಹಾಯುದ್ಧ ಶುರುವಾಗಿ ಇಲ್ಲೇ ಉಳಿದು, ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಬೆಂಗಳೂರಿಗರು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಮನ್ ಅವರ ವಿಭಾಗ ಸೇರಿದರು. ಮುಂದೆ ಮುಂಬಯಿಯಲ್ಲಿ ಹೆಸರಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1945ರಲ್ಲಿ ಕಣ್ಣು ಬಿಟ್ಟದ್ದೂ ಇದೇ ಆವರಣದಲ್ಲಿ. 1964ರ ಅಕ್ಟೋಬರಿನಲ್ಲಿ ಚೀನಾ ಅಣುಬಾಂಬ್ ಸಿಡಿಸಿದಾಗ ಭಾರತಕ್ಕೂ ಅದು ಕಷ್ಟವಲ್ಲ, ದುಬಾರಿಯೂ ಅಲ್ಲ ಎಂದು ರೇಡಿಯೊದಲ್ಲಿ ಹೇಳಿದ ಭಾಭಾ, ಭೂಗತ ಸ್ಫೋಟದ ತಯಾರಿ ಅಧ್ಯಯನಕ್ಕೆ ಶಾಸ್ತ್ರಿಯವರ ಒಪ್ಪಿಗೆ ಪಡೆದರು. ಒಪ್ಪಿಗೆ ಕೊಟ್ಟವರೂ ಪಡೆದವರೂ ಎರಡೇ ವಾರದ ಅಂತರದಲ್ಲಿ ಇಲ್ಲವಾದರು. ಬಳಿಕ ಬಂದ ವಿಕ್ರಂ ಸಾರಾಭಾಯಿಗೆ ಬಾಂಬಿನಲ್ಲಿ ಆಸಕ್ತಿ ಇರಲಿಲ್ಲ. ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದ ಬಂದಾಗ, 1967ರ ಜನವರಿ 1ಕ್ಕೆ ಮೊದಲು ಸ್ಫೋಟ ನಡೆಸಿದ ಐದು ದೇಶಗಳಷ್ಟೇ ಅಣ್ವಸ್ತ್ರ ರಾಷ್ಟ್ರಗಳು ಎಂದಾಯಿತು. ಭಾಭಾ ಇದ್ದಿದ್ದರೆ ಭಾರತ ಆ ಗಡುವಿನೊಳಗೆ ಬರುತ್ತಿತ್ತು ಎಂಬ ವಾದ ಆಕರ್ಷಕ. ಆದರೆ ಗಡುವಿಗೆ ಉಳಿದಿದ್ದದ್ದು ವರ್ಷಕ್ಕೂ ಕಡಿಮೆ, ದೇಶದಲ್ಲಿ ಬರ, ವಿದೇಶಿ ವಿನಿಮಯ ಬರಿದು. ಭಾಭಾ ಬೆಳೆಸಿದವರಲ್ಲಿ ಒಬ್ಬರಾದ, ತುಮಕೂರು ಜಿಲ್ಲೆಯ ರಾಜಾ ರಾಮಣ್ಣ 1974ರಲ್ಲಿ ಪೋಖರಣ್ ಸ್ಫೋಟದ ಮುಂದಾಳಾದರು. ಕೆಲಸ ತಡವಾಯಿತು, ಕೈಬಿಟ್ಟುಹೋಗಲಿಲ್ಲ.

ಲೋಹಿಯಾ 1967ರ ಅಕ್ಟೋಬರ್ 12ರಂದು, ಶಸ್ತ್ರಚಿಕಿತ್ಸೆಯ ನಂತರ, 57ನೇ ವಯಸ್ಸಿನಲ್ಲಿ ಹೋದರು. ಅವರು ಕಟ್ಟಿದ ಕಾಂಗ್ರೆಸ್ ವಿರೋಧಿ ಕೂಟಗಳು ಉತ್ತರದ ರಾಜ್ಯಗಳಲ್ಲಿ ಆಗಷ್ಟೇ ಗದ್ದುಗೆ ಏರಿದ್ದವು. 1951ರಲ್ಲಿ ಗೇಣಿದಾರರ ಕಾಗೋಡು ಸತ್ಯಾಗ್ರಹಕ್ಕೆ ಬಂದು ಸಾಗರದಲ್ಲಿ ಬಂಧನಕ್ಕೊಳಗಾದ ಲೋಹಿಯಾ, ಶಾಂತವೇರಿ ಗೋಪಾಲಗೌಡರಿಂದ ಹಿಡಿದು ಅನಂತಮೂರ್ತಿ, ಲಂಕೇಶ್, ತೇಜಸ್ವಿಯವರೆಗೆ ಒಂದಿಡೀ ಕನ್ನಡ ಪೀಳಿಗೆಯ ಯೋಚನೆ ತಿದ್ದಿದವರು. ಆ ಪ್ರಭಾವ ಅವರ ನಂತರ ಬೆಳೆಯಿತೇ ವಿನಾ ಕುಗ್ಗಲಿಲ್ಲ. ಉಪಾಧ್ಯಾಯರ ನಂತರ ಜನಸಂಘಕ್ಕೆ ವಾಜಪೇಯಿ ಅಧ್ಯಕ್ಷರಾದರು. ಆ ಪಕ್ಷದ ಮುಂದಿನ ಕಥೆ ಎಲ್ಲರಿಗೂ ಗೊತ್ತಿರುವುದೇ.

ಈ ಚರ್ಚೆಯಲ್ಲಿ ಯಾರೂ ಎತ್ತದ ಹೆಸರು ಜಾಕಿರ್ ಹುಸೇನರದು. 1969ರ ಮೇ 3ರಂದು ಹೃದಯಾಘಾತದಿಂದ ತೀರಿಕೊಂಡ ಅವರು ಅಧಿಕಾರದಲ್ಲಿದ್ದಾಗ ನಿಧನರಾದ ಮೊದಲ ರಾಷ್ಟ್ರಪತಿ. ಸೌಮ್ಯ ಸ್ವಭಾವದ ಶಿಕ್ಷಣ ತಜ್ಞ, ಗುಲಾಬಿ ಬೆಳೆಸುವ ಹವ್ಯಾಸಿ. ಅವರ ಸಾವು ಎಬ್ಬಿಸಿದ ಬಿರುಗಾಳಿ ಬಂದಪ್ಪಳಿಸಿದ್ದು ನಮ್ಮ ಲಾಲ್‌ಬಾಗಿಗೆ.

ಖಾಲಿಯಾದ ರಾಷ್ಟ್ರಪತಿ ಸ್ಥಾನಕ್ಕೆ ಯಾರು? ಜುಲೈನಲ್ಲಿ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಎಐಸಿಸಿ ಅಧಿವೇಶನ ಸೇರಿದಾಗ ಎಲ್ಲರ ತಲೆಯಲ್ಲಿದ್ದ ಪ್ರಶ್ನೆ ಇದೇ. ಕಾಂಗ್ರೆಸ್ ಅಧ್ಯಕ್ಷರಾಗಿದ್ದವರು ಚಿತ್ರದುರ್ಗದ ಎಸ್. ನಿಜಲಿಂಗಪ್ಪ. ಮೊದಲ ದಿನ ಇಂದಿರಾ ಬರಲಿಲ್ಲ. ಆರ್ಥಿಕ ನೀತಿಯ ಬಗ್ಗೆ ಬರೆದ ಟಿಪ್ಪಣಿಯೊಂದನ್ನು ಫಕ್ರುದ್ದೀನ್ ಅಲಿ ಅಹಮದ್ ಕೈಯಲ್ಲಿ ಕಳಿಸಿದರು. ಬ್ಯಾಂಕ್ ರಾಷ್ಟ್ರೀಕರಣದ ಮಾತು ಅದರಲ್ಲಿತ್ತು. ಪಕ್ಷದ ಸಂಸದೀಯ ಮಂಡಳಿಯಲ್ಲಿ ಇಂದಿರಾ ಜಗಜೀವನ್ ರಾಮ್ ಹೆಸರು ಮುಂದಿಟ್ಟರೆ, ಪಕ್ಷದ ಹಿರಿಯರ ಬಣ ನೀಲಂ ಸಂಜೀವ ರೆಡ್ಡಿಯವರನ್ನು ಗೆಲ್ಲಿಸಿತು. ಪ್ರಧಾನಿ ತಮ್ಮದೇ ಪಕ್ಷದ ಸಭೆಯಲ್ಲಿ ಸೋತು ದೆಹಲಿಗೆ ಮರಳಿದರು. ಜುಲೈ 16ಕ್ಕೆ ಮೊರಾರ್ಜಿ ದೇಸಾಯಿ ಕೈಯಿಂದ ಹಣಕಾಸು ಖಾತೆ ಹೋಯಿತು. 19ಕ್ಕೆ ಹದಿನಾಲ್ಕು ಬ್ಯಾಂಕುಗಳು ಸರ್ಕಾರದ ವಶವಾದವು. ಅವುಗಳಲ್ಲಿ ಮಂಗಳೂರಲ್ಲಿ ಹುಟ್ಟಿದ ಕೆನರಾ, ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕೂ ಇದ್ದವು. ಸುಗ್ರೀವಾಜ್ಞೆಗೆ ಸಹಿ ಹಾಕಿದ ಹಂಗಾಮಿ ರಾಷ್ಟ್ರಪತಿ ವಿ.ವಿ. ಗಿರಿ ಎರಡು ವರ್ಷದ ಹಿಂದಿನವರೆಗೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದವರು. ಮರುದಿನ ರಾಜೀನಾಮೆ ಕೊಟ್ಟು ಸ್ವತಂತ್ರ ಅಭ್ಯರ್ಥಿಯಾದರು. ಆತ್ಮಸಾಕ್ಷಿಯಂತೆ ಮತ ಹಾಕಿ ಎಂಬ ಇಂದಿರಾ ಕರೆಯ ಬಲದಲ್ಲಿ 4,20,077 ಮತಮೌಲ್ಯ ಪಡೆದು, 4,05,427 ಪಡೆದ ರೆಡ್ಡಿಯವರನ್ನು ಸೋಲಿಸಿದರು. ನವೆಂಬರಿನಲ್ಲಿ ನಿಜಲಿಂಗಪ್ಪ ಪ್ರಧಾನಿಯನ್ನೇ ಪಕ್ಷದಿಂದ ಉಚ್ಚಾಟಿಸಿದರು, ಕಾಂಗ್ರೆಸ್ ಒಡೆಯಿತು.

ಕರ್ನಾಟಕದಲ್ಲಿ ಅದರ ಫಲ ಇನ್ನೂ ದೊಡ್ಡದು. ನಿಜಲಿಂಗಪ್ಪ, ವೀರೇಂದ್ರ ಪಾಟೀಲರು ಒಂದು ಕಡೆ ಉಳಿದಾಗ ಇಂದಿರಾ ಬಣದ ನೊಗ ಹೊತ್ತವರು ದೇವರಾಜ ಅರಸು. 1971ರಲ್ಲಿ ರಾಜ್ಯದ 27 ಲೋಕಸಭಾ ಸ್ಥಾನಗಳೂ ಆ ಬಣದ ಪಾಲಾದವು, ಮರುವರ್ಷ ಅರಸು ಮುಖ್ಯಮಂತ್ರಿಯಾದರು. ಹಿಂದುಳಿದ ವರ್ಗಗಳ ಹಾವನೂರು ಆಯೋಗ, 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆ ಎಲ್ಲ ಅಲ್ಲಿಂದ ಬಂದವು. ಕಾಗೋಡಿನಲ್ಲಿ ಗೇಣಿದಾರರು ಕೇಳಿದ್ದು ಕಾನೂನಾಗಿ ಸಿಕ್ಕಿತು. ಕರ್ನಾಟಕದ ಮಟ್ಟಿಗೆ ಆ ದಶಕದ ಅತಿ ಮುಖ್ಯ ಸಾವು ಜಾಕಿರ್ ಹುಸೇನರದೇ ಎಂದರೆ ಒಪ್ಪಲೇಬೇಕು.

ಇಡೀ ದೇಶದ ಲೆಕ್ಕಕ್ಕೆ ಬಂದರೆ ಮಾತ್ರ ತೀರ್ಪು ಶಾಸ್ತ್ರಿಯವರ ಕಡೆಗೇ ವಾಲುತ್ತದೆ. ಹಸಿರು ಕ್ರಾಂತಿ ಅವರಿಲ್ಲದೆಯೂ ನಡೆಯಿತಲ್ಲ ಎನ್ನಬಹುದು. ನಿಜ, ಮೆಕ್ಸಿಕೊದಿಂದ 18 ಸಾವಿರ ಟನ್ ಗೋಧಿ ಬೀಜ ಬಂದದ್ದು ಅವರು ಹೋದ ವರ್ಷವೇ. ಅವರ ಸಾವು ಬದಲಿಸಿದ್ದು ನೀತಿಯನ್ನಲ್ಲ, ಪಕ್ಷ ಮತ್ತು ಪ್ರಧಾನಿಯ ನಡುವಿನ ಸಂಬಂಧವನ್ನು. ಮುಖ್ಯಮಂತ್ರಿಗಳನ್ನು, ಪಕ್ಷದ ಹಿರಿಯರನ್ನು ಕೇಳಿ ನಡೆಯುತ್ತಿದ್ದ ಪ್ರಧಾನಿಯ ಜಾಗಕ್ಕೆ, ಬದುಕುಳಿಯಲು ಅದೇ ಹಿರಿಯರನ್ನು ಮುರಿಯಲೇಬೇಕಾದ ಪ್ರಧಾನಿ ಬಂದರು. ಗಾಜಿನ ಮನೆಯ ಜಗಳದಲ್ಲಿ ಶಾಸ್ತ್ರಿ ಪ್ರಧಾನಿಯಾಗಿದ್ದಿದ್ದರೆ ಅದು ಜಗಳವೇ ಆಗುತ್ತಿರಲಿಲ್ಲ. ಅವರನ್ನು ಗಾದಿಗೆ ಏರಿಸಿದವರೇ ಎದುರು ಕೂತಿರುತ್ತಿದ್ದರು.

ಎರಡು ಸಲ ಹೃದಯಾಘಾತವಾಗಿದ್ದ ಶಾಸ್ತ್ರಿ ಎಷ್ಟು ಕಾಲ ಬದುಕುತ್ತಿದ್ದರು ಎಂಬುದು ಎದುರುವಾದಿಗಳ ಗಟ್ಟಿ ಪ್ರಶ್ನೆ. ಬಹಳ ಕಾಲ ಬೇಕಿರಲಿಲ್ಲ, ಹದಿಮೂರು ತಿಂಗಳು ಸಾಕಿತ್ತು. 1966ರ ಜನವರಿಯಲ್ಲಿ ಉತ್ತರಾಧಿಕಾರಿಯನ್ನು ಆರಿಸುವ ಬೀಗದ ಕೈ ಕಾಮರಾಜರ ಬಳಿ ಇತ್ತು. ಇಂದಿರಾಗೆ 355, ಮೊರಾರ್ಜಿಗೆ 169 ಮತ ಬಿದ್ದದ್ದು ಆ ಹಿರಿಯರೂ ಮುಖ್ಯಮಂತ್ರಿಗಳೂ ಇಂದಿರಾ ಬೆನ್ನಿಗೆ ನಿಂತದ್ದರಿಂದ. 1967ರ ಫೆಬ್ರವರಿಯ ಚುನಾವಣೆಯಲ್ಲಿ ಕಾಮರಾಜರು ತಮ್ಮೂರಲ್ಲೇ ಸೋತರು. ಆ ಹಿರಿಯರ ಬಣದ ಅತುಲ್ಯ ಘೋಷ್ ಸೋತರು. ಮುಂಬಯಿಯಲ್ಲಿ ಅದೇ ಬಣದ ಎಸ್.ಕೆ. ಪಾಟೀಲರನ್ನು ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಮಣಿಸಿದರು. ಆ ಚುನಾವಣೆಯ ನಂತರ ಕುರ್ಚಿ ತೆರವಾಗಿದ್ದರೆ ಹೊಸ ಪ್ರಧಾನಿಯನ್ನು ಆರಿಸುವವರೇ ಬೇರೆಯಾಗಿರುತ್ತಿದ್ದರು.