ಕಾಡುಕೋಳಿ, ಚಿಟ್ಟುಕೋಳಿ ಒಂದೇ ಅಲ್ಲ

ಚಿಟ್ಟುಕೋಳಿ ಅಂದ್ರೆ ಕಾಡುಕೋಳಿಯ ಮರಿ ಅಂತ ಕೆಲವರು ಹೇಳೋದನ್ನು ನಾನು ಕೇಳಿದ್ದೇನೆ. ಹಾಗಲ್ಲ, ಎರಡೂ ಬೇರೆ ಜಾತಿ. ಕಾಫಿ ತೋಟದಲ್ಲಿ ತರಗೆಲೆ ಕೆದಕುವಾಗ ಗುರುತಿಸಬಹುದು.

ಕಾಡುಕೋಳಿ ಹುಂಜದ ಮೈ ಬೂದು, ತಲೆಗೆ ಕೆಂಪು ಜುಟ್ಟು, ಕತ್ತಿನ ಗರಿಯಲ್ಲಿ ಮೇಣದಂತೆ ಹೊಳೆಯುವ ಚುಕ್ಕೆ, ಬಾಗಿದ ಕಪ್ಪು ಬಾಲ. ಕಾಲಿಗೆ ಒಂದೊಂದೇ ಮುಳ್ಳು.

ಚಿಟ್ಟುಕೋಳಿ ಅದರ ಅರ್ಧದಷ್ಟು. ಜುಟ್ಟೇ ಇಲ್ಲ. ಕಣ್ಣಿನ ಸುತ್ತ ಕೆಂಪು. ಗಂಡಿನ ಒಂದೊಂದು ಕಾಲಿಗೂ ಎರಡೋ ಹೆಚ್ಚೋ ಮುಳ್ಳು.

ಹೇಂಟೆಗಳಲ್ಲಿ ಕಾಲು ನೋಡಿ: ಕಾಡುಕೋಳಿಯದು ಹಳದಿ, ಚಿಟ್ಟುಕೋಳಿಯದು ಕೆಂಪು.

ಎರಡೂ ನೆಲದಲ್ಲೇ ಮೊಟ್ಟೆ ಇಡುತ್ತವೆ. ಚಿಟ್ಟುಕೋಳಿ ಇಡೋದು 3ರಿಂದ 5 ಮಾತ್ರ. ಉರುಳಿಗೆ ಒಂದು ಹೇಂಟೆ ಬಿದ್ದರೆ ಗೂಡೇ ಹಾಳು. 1972ರ ವನ್ಯಜೀವಿ ಕಾಯ್ದೆಯಂತೆ ಎರಡನ್ನೂ ಹಿಡಿಯುವಂತಿಲ್ಲ. ಬೇಲಿಯಲ್ಲಿ ಉರುಳು ಕಂಡರೆ ಮೇಷ್ಟ್ರಿಗೆ ಹೇಳಿ.