ಕಂದು ಹಾಕಿದ ಹಸುವೂ ಬಿಟ್ಟು ಬರುವ ಜ್ವರವೂ

ತೋಟವಿದ್ದ ಮನೆಯಲ್ಲಿ ಕೊಟ್ಟಿಗೆಯೂ ಇರುವುದು ನಮ್ಮ ಕಡೆಯ ವಾಡಿಕೆ. ಕಾಫಿ, ಅಡಿಕೆಗೆ ಗೊಬ್ಬರವೂ ಮನೆಗೆ ಹಾಲೂ ಅಲ್ಲಿಂದಲೇ ಬರಬೇಕು. ಗಬ್ಬದ ಹಸು ಆರೇಳು ತಿಂಗಳಿಗೆ ಕಂದು ಹಾಕಿದರೆ ನಷ್ಟವಾಯಿತೆಂದು ಮರುಗುತ್ತೇವೆ. ಬರಿಗೈಯಲ್ಲಿ ಸತ್ತೆ ತೆಗೆದು ಗೊಬ್ಬರದ ಗುಂಡಿಗೆ ಎಸೆದೋ, ಹಾಲು ಬರುವ ಮರಕ್ಕೆ ಕಟ್ಟಿಯೋ ಸುಮ್ಮನಾಗುತ್ತೇವೆ. ಅಪಾಯವಿರುವುದು ಇಲ್ಲಿಯೇ.

ಕಂದು ಹಾಕಲು ಕಾರಣಗಳು ಹಲವು. ಅವುಗಳಲ್ಲಿ ಮನುಷ್ಯರಿಗೂ ಅಂಟುವ ಮುಖ್ಯ ಕಾಯಿಲೆಯೆಂದರೆ ಬ್ರುಸೆಲ್ಲಾ ಎಂಬ ಬ್ಯಾಕ್ಟೀರಿಯಾದಿಂದ ಬರುವ ಕಂದು ರೋಗ. 1887ರಲ್ಲಿ ಮಾಲ್ಟಾ ದ್ವೀಪದಲ್ಲಿ, ಜ್ವರದಿಂದ ಸತ್ತ ಸೈನಿಕರ ದೇಹದಲ್ಲಿ ಈ ಜಾತಿಯ ರೋಗಾಣುವನ್ನು ಡೇವಿಡ್ ಬ್ರೂಸ್ ಎಂಬ ಸೇನಾ ವೈದ್ಯರು ಕಂಡುಹಿಡಿದರು. ಅದರ ಮೂಲ ತಿಳಿದದ್ದು 1905ರಲ್ಲಿ. ನೋಡಲು ಆರೋಗ್ಯವಾಗಿಯೇ ಇದ್ದ ಮೇಕೆಗಳ ಹಸಿ ಹಾಲಿನಿಂದ ಅದು ಜನರಿಗೆ ಹರಡುತ್ತಿತ್ತು.

ಹಸುಗಳಲ್ಲಿಯೂ ಹೀಗೆಯೇ. ಒಮ್ಮೆ ಕಂದು ಹಾಕಿದ ಹಸು ಮುಂದಿನ ಸಲ ದಿನ ತುಂಬಿ ಕರು ಹಾಕಬಹುದು. ಅಷ್ಟರಿಂದಲೇ ರೋಗ ಹೋಯಿತೆಂದು ತಿಳಿಯಬಾರದು. ಅದರ ಹಾಲಿನಲ್ಲಿಯೂ, ಈಯುವಾಗ ಬರುವ ನೀರು ಮತ್ತು ಸತ್ತೆಯಲ್ಲಿಯೂ ರೋಗಾಣು ಇರಬಹುದು. ಬಿಸಿಲಿಗೆ ಬೇಗ ಸಾಯುವ ಈ ರೋಗಾಣು ತಂಪು, ತೇವ, ನೆರಳು ಸಿಕ್ಕಿದರೆ ತಿಂಗಳುಗಟ್ಟಲೆ ಬದುಕಬಲ್ಲದು. ನಮ್ಮ ತೋಟಗಳಲ್ಲಿ ಇವು ಮೂರಕ್ಕೂ ಕೊರತೆಯಿಲ್ಲ.

ಕೈಯ ಗಾಯ, ಕಣ್ಣು, ಉಸಿರು, ಹಸಿ ಹಾಲು, ಇವು ರೋಗಾಣು ನಮ್ಮ ದೇಹ ಸೇರುವ ದಾರಿಗಳು. ಬಿಟ್ಟು ಬಿಟ್ಟು ಬರುವ ಜ್ವರ, ರಾತ್ರಿ ಬೆವರು, ಸೊಂಟ ಮತ್ತು ಕೀಲುಗಳ ನೋವು, ತೀರದ ಸುಸ್ತು ಇದರ ಲಕ್ಷಣಗಳು. ಕೆಲವು ಗಂಡಸರಿಗೆ ವೃಷಣ ಊದಿಕೊಳ್ಳುವುದೂ ಉಂಟು. ಮಲೇರಿಯಾ, ಟೈಫಾಯಿಡ್ ಎಂದು ತಿಳಿದು ತಿಂಗಳುಗಳು ಕಳೆದುಹೋಗಬಹುದು. ಆದ್ದರಿಂದ ಇಂಥ ಜ್ವರ ಬಂದಾಗ “ನಮ್ಮ ಹಸು ಕಂದು ಹಾಕಿತ್ತು” ಎಂಬ ಮಾತನ್ನು ವೈದ್ಯರಿಗೆ ತಪ್ಪದೆ ಹೇಳಿ. ರಕ್ತಪರೀಕ್ಷೆಯಿಂದ ರೋಗ ಗೊತ್ತಾಗುತ್ತದೆ. ಸಾಮಾನ್ಯವಾಗಿ ಎರಡು ಬಗೆಯ ಔಷಧಿಗಳನ್ನು ಆರು ವಾರ ತೆಗೆದುಕೊಳ್ಳಬೇಕಾಗುತ್ತದೆ. ಜ್ವರ ಬಿಟ್ಟಿತೆಂದು ನಡುವೆ ನಿಲ್ಲಿಸಿದರೆ ಮರುಕಳಿಸಬಹುದು.

ಸದಸ್ಯರು ಪಾಲಿಸಬೇಕಾದ ಕ್ರಮಗಳು:

1. ಕಂದು, ಸತ್ತೆಗಳನ್ನು ಬರಿಗೈಯಲ್ಲಿ ಮುಟ್ಟಬೇಡಿ. ಕೈಗವಸು ಹಾಕಿ, ಮೂಗು ಬಾಯಿ ಮುಚ್ಚಿಕೊಳ್ಳಿ. ಗರ್ಭಿಣಿಯರೂ ಮಕ್ಕಳೂ ಹತ್ತಿರ ಬರಬಾರದು. ಆಳಿಗೆ ಹೇಳಿ ಮಾಡಿಸುವುದಾದರೆ ಕೈಗವಸನ್ನು ನೀವೇ ಕೊಡಿ.

2. ಅವನ್ನು ನಾಯಿ ಕೆದಕದಷ್ಟು ಆಳದ ಗುಂಡಿಯಲ್ಲಿ, ಬಾವಿ ತೋಡುಗಳಿಂದ ದೂರ, ಸುಣ್ಣ ಹಾಕಿ ಹೂಳಿ. ನೆನೆದ ಸೊಪ್ಪನ್ನೂ ಗೊಬ್ಬರಕ್ಕೆ ಸೇರಿಸದೆ ಅದರೊಡನೆ ಹೂಳಿ.

3. ಹಸುವನ್ನು ಬೇರೆ ಕಟ್ಟಿ, ಪಶುವೈದ್ಯರಿಂದ ರಕ್ತಪರೀಕ್ಷೆ ಮಾಡಿಸಿ.

4. ಹಾಲನ್ನು ಚೆನ್ನಾಗಿ ಕುದಿಸಿಯೇ ಕುಡಿಯಿರಿ.

5. ನಾಲ್ಕರಿಂದ ಎಂಟು ತಿಂಗಳ ಹೆಣ್ಣುಕರುಗಳಿಗೆ ಲಸಿಕೆ ಹಾಕಿಸಿ. ಜೀವಮಾನಕ್ಕೆ ಒಂದೇ ಸಲ ಸಾಕು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಇದೂ ಸೇರಿದೆ.

ಕೊನೆಯದಾಗಿ ಒಂದು ಮಾತು. ಕಂದು ಹಾಕಿದ ಹಸುವನ್ನು ಪರೀಕ್ಷೆ ಮಾಡಿಸದೆ, ವಿಷಯ ಮುಚ್ಚಿಟ್ಟು ಮಾರಿದರೆ ನಮ್ಮ ನಷ್ಟ ತೀರಬಹುದು. ರೋಗ ಮಾತ್ರ ಪಕ್ಕದವರ ಕೊಟ್ಟಿಗೆಗೂ ಅಡಿಗೆ ಮನೆಗೂ ಹೋಗುತ್ತದೆ. ಕೊಳ್ಳುವವರೂ ಪರೀಕ್ಷೆಯಿಲ್ಲದೆ ಕೊಳ್ಳಬಾರದು. ಒಂದೇ ಸಂಘದ ಸದಸ್ಯರಾದ ನಾವು ಈ ವಿಷಯದಲ್ಲಿ ಒಬ್ಬರಿಗೊಬ್ಬರು ನಿಜ ಹೇಳುವುದು ಅಗತ್ಯ.