ಹಳೆಯ ಇ-ಟೈಪ್‌ಗೆ ಹೊಸ ಗೇರ್‌ಬಾಕ್ಸ್ ಹಾಕಬಹುದೇ?

1961ರಲ್ಲಿ ಜಿನೀವಾದಲ್ಲಿ ಅನಾವರಣಗೊಂಡ ಜಾಗ್ವಾರ್ ಇ-ಟೈಪ್ ಸ್ಪೋರ್ಟ್ಸ್ ಕಾರಿನ ಚೆಲುವಿನ ಬಗ್ಗೆ ಎರಡು ಮಾತಿಲ್ಲ. ಆದರೆ 3.8 ಲೀಟರ್ ಮಾದರಿಯ ಮೊದಲ ಗೇರ್‌ಗೆ, ಗೇರ್ ಬದಲಿಸುವಾಗ ವೇಗ ಹೊಂದಿಸಿಕೊಡುವ ಸಿಂಕ್ರೋಮೆಷ್ ಇರಲಿಲ್ಲ. ಕಾರು ಓಡುತ್ತಿರುವಾಗ ಆ ಗೇರ್‌ಗೆ ಇಳಿಸುವುದು ಪಳಗಿದ ಕೈಗೂ ಸಲೀಸಲ್ಲ. 1964ರಲ್ಲಿ 4.2 ಲೀಟರ್ ಎಂಜಿನ್ ತಂದಾಗ ಕಂಪನಿಯೇ ಈ ಕೊರತೆ ನೀಗಿಸಿತು, ಬ್ರೇಕನ್ನೂ ಸುಧಾರಿಸಿತು. ತಯಾರಕರೇ ತಿದ್ದಿಕೊಂಡದ್ದನ್ನು ಮಾಲೀಕರು ಮಾತ್ರ ತಿದ್ದಬಾರದು ಎಂಬ ವಾದ ನನಗೆ ಒಪ್ಪಿಗೆಯಿಲ್ಲ. ಐದು ಗೇರ್‌ಗಳ ಪೆಟ್ಟಿಗೆ, ದೊಡ್ಡ ರೇಡಿಯೇಟರ್, ಒಳ್ಳೆಯ ಬ್ರೇಕ್ ಇವೆಲ್ಲ ಬೋಲ್ಟ್ ಬಿಚ್ಚಿ ಕೂರಿಸುವಂಥವು. ತೆಗೆದ ಮೂಲ ಭಾಗಗಳನ್ನು ಜೋಪಾನವಾಗಿ ಎತ್ತಿಟ್ಟರೆ, ಮುಂದಿನ ಮಾಲೀಕರು ಬೇಕಾದಾಗ ಮತ್ತೆ ಜೋಡಿಸಬಹುದು. ಅಗಲ ಟೈರಿಗಾಗಿ ಬಾಡಿಯನ್ನೇ ಕತ್ತರಿಸುವುದು ಹಾಗಲ್ಲ. ಕಾರ್ಖಾನೆಯ ತಗಡು ಹೋದರೆ ಹೋಯಿತು.

ಪ್ರತಿ ಬದಲಾವಣೆಯೂ ಚರಿತ್ರೆಯ ನಷ್ಟ ಎನ್ನುವವರ ಮಾತಿನಲ್ಲಿ ತಿರುಳಿದೆ. ಮೊದಲ ಬಣ್ಣ, ಮೊದಲ ಚರ್ಮದ ಸೀಟು ಉಳಿಸಿಕೊಂಡ ಅಪರೂಪದ ಕಾರನ್ನು ಖಂಡಿತ ಮುಟ್ಟಬಾರದು. ಆದರೆ 70,000ಕ್ಕೂ ಹೆಚ್ಚು ಇ-ಟೈಪ್‌ಗಳು ತಯಾರಾದವು, ಹಲವು ಈಗಾಗಲೇ ರಿಪೇರಿ ಕಂಡಿವೆ; ಅವೆಲ್ಲ ಮ್ಯೂಸಿಯಂ ಸೇರಬೇಕಿಲ್ಲ, ರಸ್ತೆಯಲ್ಲಿ ಓಡಬೇಕು. ಹಾಗಾದರೆ ವಿದ್ಯುತ್ ಮೋಟಾರೂ ಸರಿಯೇ? 2017ರಲ್ಲಿ ಜಾಗ್ವಾರ್ ತಾನೇ ಅಂಥ ಇ-ಟೈಪ್ ತೋರಿಸಿ, ಮರಳಿ ಪೆಟ್ರೋಲ್ ಎಂಜಿನ್ ಕೂರಿಸಬಹುದು ಎಂದಿತು. ಅಲ್ಲಿ ನಾನು ನಿಲ್ಲುತ್ತೇನೆ. ಗೇರ್‌ಬಾಕ್ಸ್ ಬದಲಾದರೂ ಆ ಆರು ಸಿಲಿಂಡರ್‌ಗಳ ದನಿ, ಎಳೆತ, ಬಿಸಿ ಉಳಿಯುತ್ತವೆ. ಮೋಟಾರು ಬಂದರೆ ಉಳಿಯುವುದು ಆಕಾರವೊಂದೇ.